ಅಟ್ಟದ ಮೇಲಿನ ಮೀಟರ್ ಗೇಜು

ಪೊಳ್ಳಾಚಿಯಲ್ಲಿ ನನ್ನ ಸೋದರಮಾವನ ಮನೆಯ ಅಟ್ಟದ ಮೇಲೆ ಒಂದು ರೈಲ್ವೆ ಇತ್ತು. ಕೀಲಿ ಕೊಟ್ಟರೆ ಗಿರ್ರನೆ ಸುತ್ತು ಹೊಡೆಯುವ ಆಟಿಕೆ ರೈಲು ಎಂದುಕೊಳ್ಳಬೇಡಿ. ಅಟ್ಟದ ಮೂರು ಬದಿಗೂ ಕುದುರೆ ಲಾಳದ ಆಕಾರದಲ್ಲಿ ಹಾಕಿದ ಮೂರಡಿ ಅಗಲದ ಹಲಗೆ, ಒಟ್ಟು ಇಪ್ಪತ್ನಾಲ್ಕು ಅಡಿ ಉದ್ದ. ನಡುವೆ ಪೊಳ್ಳಾಚಿ ಜಂಕ್ಷನ್. ಒಂದು ತೋಳಿನಲ್ಲಿ ಕಿಣತ್ತುಕಡವು ದಾಟಿ ಪೋತನೂರಿನ ಕಡೆಗೆ ಹೋಗುವ ಹಳಿ. ಇನ್ನೊಂದು ತೋಳಿನಲ್ಲಿ ಉಡುಮಲೈಪೇಟೆ ಕಡೆಯ ತೆಂಗಿನ ತೋಪುಗಳು, ಅದರ ಹಿಂದೆ ಗೋಡೆಗೆ ಒರಗಿಕೊಂಡು ಆನೆಮಲೆ. ಪಾಲಕ್ಕಾಡಿನ ಹಳಿಗೆ ಜಾಗ ಸಾಲದೆ ಅದು ಎರಡಡಿ ಹೋಗಿ ಗೋಡೆ ಮುಟ್ಟಿ ನಿಂತಿತ್ತು. "ಅಲ್ಲಿಂದಾಚೆ ಕೇರಳ, ನಮಗೆ ಸೇರಿದ್ದಲ್ಲ" ಅನ್ನುತ್ತಿದ್ದರು ಮಾವ.

ಮಾವ 2022ರಲ್ಲಿ ತೀರಿಕೊಂಡರು. ಎರಡು ವರ್ಷ ಅತ್ತೆ ಒಬ್ಬರೇ ಆ ಮನೆಯಲ್ಲಿದ್ದರು. 2024ರಲ್ಲಿ ಅವರು ಕೊಯಮತ್ತೂರಿನ ಮಗಳ ಮನೆಗೆ ಹೋಗುವುದೆಂದೂ ಮನೆ ಮಾರುವುದೆಂದೂ ತೀರ್ಮಾನವಾಯಿತು. ಕೊಂಡವರಿಗೆ ಬೇಕಾಗಿದ್ದುದು ನಿವೇಶನ; ಹೆಂಚಿನ ಮನೆಯನ್ನು ಕೆಡವುವುದು ಖಚಿತವಾಗಿತ್ತು. ಜೂನ್ ಒಂದನೇ ತಾರೀಕಿಗೆ ಬೀಗದಕೈ ಕೊಡಬೇಕು. ತಾಮ್ರದ ಹಂಡೆ, ತೇಗದ ಮಂಚ, ರುಬ್ಬುವ ಕಲ್ಲು ಎಲ್ಲಕ್ಕೂ ಒಬ್ಬೊಬ್ಬರು ಸಿಕ್ಕಿದರು. ರೈಲ್ವೆಗೆ ಯಾರೂ ಸಿಗಲಿಲ್ಲ. ಆಗ ನನಗೆ ಫೋನು ಬಂತು.

ನನಗೇ ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಾವ ನಮ್ಮ ತಾಳವಾಡಿ ಕಡೆಯವರು. ತಾಳವಾಡಿ ಅಂದರೆ ಅನೇಕರಿಗೆ ಗೊತ್ತಾಗುವುದಿಲ್ಲ; ಡಾ. ರಾಜಕುಮಾರ್ ಅವರ ಗಾಜನೂರಿನ ಪಕ್ಕ ಅಂದರೆ ತಕ್ಷಣ ಗೊತ್ತಾಗುತ್ತದೆ. ತಮಿಳುನಾಡಿನ ಈರೋಡು ಜಿಲ್ಲೆ, ಆದರೆ ಸತ್ಯಮಂಗಲದ ಕಾಡು ನಡುವೆ ಬಂದು ಜಿಲ್ಲಾ ಕೇಂದ್ರಕ್ಕಿಂತ ಚಾಮರಾಜನಗರವೇ ನಮಗೆ ಹತ್ತಿರ. ಮನೆಮಾತು ಕನ್ನಡ, ಶಾಲೆಯೂ ಕನ್ನಡ. ಮಾವ ಅಲ್ಲೇ ಓದಿ, ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಪೋತನೂರಿನ ಸಿಗ್ನಲ್ ವರ್ಕ್‌ಶಾಪಿನಲ್ಲಿ ದುಡಿದು, ಪೊಳ್ಳಾಚಿಯಲ್ಲಿ ಮನೆ ಮಾಡಿದವರು. ಮಕ್ಕಳು ತಮಿಳು, ಇಂಗ್ಲಿಷಿನಲ್ಲಿ ಓದಿದರು. ಮನೆಯೊಳಗೆ ಚೆನ್ನಾಗಿಯೇ ಕನ್ನಡ ಮಾತಾಡುತ್ತಾರೆ, ಅಕ್ಷರ ಮಾತ್ರ ಬಾರದು. ಅತ್ತೆಯದೂ ಹಾಗೇ. ಇದರಲ್ಲಿ ಯಾರ ತಪ್ಪೂ ಇಲ್ಲ, ಗಡಿಯಾಚೆ ಇರುವ ನಮ್ಮಂಥ ನೂರಾರು ಮನೆಗಳ ಕಥೆ ಇಷ್ಟೇ. ಆದರೆ ಈ ಸಂಗತಿ ರೈಲ್ವೆಗೂ ತೊಡಕಾಯಿತು. ಹೇಗೆಂದು ಹೇಳುತ್ತೇನೆ.

ಅಂದ ಹಾಗೆ ಇದೆಲ್ಲ ಶುರುವಾದದ್ದು ನವರಾತ್ರಿಯಿಂದ. ಗೊಂಬೆ ಕೂರಿಸಿದ ಮೆಟ್ಟಿಲುಗಳ ಮುಂದೆ ನೆಲದಲ್ಲಿ ಪಾರ್ಕು ಮಾಡುವುದು ಆ ಕಡೆಯ ರೂಢಿ. ರಾಗಿ ಮೊಳಕೆಯ ಹುಲ್ಲು, ಕನ್ನಡಿಯ ಕೆರೆ, ಅದರ ಸುತ್ತ ಒಂದು ರೈಲು. ಮಾವನ ರೈಲು ವರ್ಷ ವರ್ಷವೂ ಬೆಳೆದು ಗೊಂಬೆಗಳಿಗೇ ಜಾಗವಿಲ್ಲದಂತಾದಾಗ ಅತ್ತೆ ಅದನ್ನು ಅಟ್ಟಕ್ಕೆ ಓಡಿಸಿದರು. ಅದು 1988. ಅಲ್ಲಿಂದ ಮುಂದೆ ನವರಾತ್ರಿಗೆ ಬಂದ ಹೆಂಗಸರು ಮಕ್ಕಳೆಲ್ಲ ಸುಂಡಲ್ ಕೈಯಲ್ಲಿ ಹಿಡಿದು ಏಣಿ ಹತ್ತುತ್ತಿದ್ದರು.

ಮಾವ ಕಟ್ಟಿದ್ದು ಕಲ್ಪನೆಯ ಊರಲ್ಲ, ತಮ್ಮದೇ ದಾರಿ. ಪೋತನೂರಿನಿಂದ ಪೊಳ್ಳಾಚಿಗೆ ಮೀಟರ್ ಗೇಜು ಬಂದದ್ದು 1915ರಲ್ಲಿ. 1928ರಲ್ಲಿ ಅದು ದಿಂಡಿಗಲ್ಲಿಗೆ ಕೂಡಿಕೊಂಡಿತು, 1932ರಲ್ಲಿ ಪಾಲಕ್ಕಾಡಿಗೆ. ಹೀಗೆ ಮೂರು ದಿಕ್ಕಿನ ಹಳಿ ಸೇರಿ ಪೊಳ್ಳಾಚಿ ಜಂಕ್ಷನ್ ಆಯಿತು. ಪಳನಿಯ ಭಕ್ತರು, ರಾಮೇಶ್ವರದ ಯಾತ್ರಿಕರು ಈ ದಾರಿಯಲ್ಲೇ ಹೋಗುತ್ತಿದ್ದರು. 2008-09ರ ಸುಮಾರಿಗೆ ಹಳಿ ಅಗಲಿಸಲು ಈ ದಾರಿಗಳನ್ನು ಮುಚ್ಚಿದರು. ಪಳನಿ, ಪಾಲಕ್ಕಾಡುಗಳ ಕಡೆಯದು 2015ರಲ್ಲಿ, ಪೋತನೂರಿನ ಕಡೆಯದು 2017ರಲ್ಲಿ ಬ್ರಾಡ್ ಗೇಜಾಗಿ ತೆರೆಯಿತು. ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್ ಇದ್ದದ್ದು 1676 ಆಯಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ಗೇಜು ಬದಲಾದ ಕಡೆ ಇಳಿದು ಇನ್ನೊಂದು ರೈಲು ಹತ್ತುವ ಪಾಡು ತಲೆಯ ಮೇಲೆ ಮೂಟೆ ಹೊತ್ತವರಿಗೇ ಗೊತ್ತು. ಆದರೆ ಕೈ ಎತ್ತಿ ಇಳಿಸುವ ಸಿಗ್ನಲ್ಲು, ಓಡುವ ರೈಲಿನಿಂದ ಡ್ರೈವರು ತೋಳಿಗೆ ಸಿಕ್ಕಿಸಿಕೊಳ್ಳುವ ಟೋಕನ್ ಬಳೆ, ಆ ಪುಟ್ಟ ಬೋಗಿ ಎಲ್ಲ ಅದರೊಟ್ಟಿಗೆ ಹೋದವು. ಈಗ ತಮಿಳುನಾಡಿನಲ್ಲಿ ಮೀಟರ್ ಗೇಜಿನ ರೈಲು ಹತ್ತಬೇಕಾದರೆ ಮೇಟುಪಾಳಯಕ್ಕೆ ಹೋಗಿ ಊಟಿ ರೈಲೇ ಹತ್ತಬೇಕು. ಪೊಳ್ಳಾಚಿಯ ಮೀಟರ್ ಗೇಜು ಉಳಿದಿದ್ದುದು ಮಾವನ ಅಟ್ಟದಲ್ಲಿ.

ಅದನ್ನು ಮಾಡಿದ ರೀತಿಯನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅಲ್ಲೇ ಮಜಾ ಇರುವುದು. ಮಾದರಿ ರೈಲಿನ ಲೋಕದಲ್ಲಿ ಹೆಚ್ಚು ಬಳಕೆಯ ಅಳತೆ ಎಂಬತ್ತೇಳಕ್ಕೆ ಒಂದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಹಳಿಯ ಅಂತರ ಹದಿನಾರೂವರೆ ಮಿಲಿಮೀಟರ್. ಅದು ಯುರೋಪಿನ ಗೇಜಿಗೆ ಸರಿ. ನಮ್ಮ ಒಂದು ಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ ಬರುತ್ತದೆ. ಜರ್ಮನಿಯಲ್ಲಿ ಟಿಟಿ ಎಂಬ ಇನ್ನೂ ಸಣ್ಣ ಅಳತೆಯ ರೈಲು ಇದೆ, ಅದರ ಹಳಿ ಹನ್ನೆರಡು ಮಿಲಿಮೀಟರ್. ಮಾವ ಪರಿಚಯದವರನ್ನು ಹಿಡಿದು ಅದರ ಹಳಿ, ಚಕ್ರ, ಮೋಟರು ತರಿಸಿಕೊಂಡರು. ಅದರ ಮೇಲೆ ಕೂರಿಸಿದ ಇಂಜಿನ್ನು ಮಾತ್ರ ನಮ್ಮದು. ಬಿಸ್ಕತ್ತು ಡಬ್ಬದ ತಗಡು ಕತ್ತರಿಸಿ, ಬೆಸುಗೆ ಹಾಕಿ, ವೈಡಿಎಂ-4 ಡೀಸೆಲ್ ಎರಡು, ವೈಪಿ ಉಗಿ ಇಂಜಿನ್ನು ಒಂದು ಮಾಡಿದ್ದರು. ಅರ್ಧ ಮಿಲಿಮೀಟರಿನ ವ್ಯತ್ಯಾಸ ಅವರಿಗೆ ಕೊನೆಯವರೆಗೂ ಕೊರೆಯುತ್ತಿತ್ತು.

ಉಳಿದದ್ದೆಲ್ಲ ಪೊಳ್ಳಾಚಿಯ ಮಾಲೇ. ತೆಂಗಿನ ನಾರಿನ ಪುಡಿಯೇ ಮಣ್ಣು. ಸೋಸಿ ಒಣಗಿಸಿದ ಟೀ ಚರಟವೇ ಉತ್ತ ಹೊಲ. ಹಸಿರು ಬಣ್ಣ ಹಚ್ಚಿದ ಮರದ ಹೊಟ್ಟು ಹುಲ್ಲು. ತೆಂಗಿನ ಮರಗಳಿಗೆ ತಂತಿಯ ಕಾಂಡ, ಅದಕ್ಕೆ ಸುತ್ತಿದ ನಾರು, ಕಾಗದದ ಗರಿ. ಒಂದೊಂದು ಗರಿಗೂ ಕತ್ತರಿಯಲ್ಲಿ ಸೀಳು ಸೀಳು! ಅಂಥ ಮರಗಳು ಇನ್ನೂರಕ್ಕೂ ಹೆಚ್ಚು. ಪೊಳ್ಳಾಚಿಯಿಂದ ಪೋತನೂರಿಗೆ ನಲವತ್ತು ಕಿಲೋಮೀಟರ್. ಅದನ್ನು ಅಳತೆಗೆ ಸರಿಯಾಗಿ ಮಾಡಿದ್ದರೆ ನಾಲ್ಕುನೂರ ಅರವತ್ತು ಮೀಟರ್ ಉದ್ದದ ಅಟ್ಟ ಬೇಕಾಗುತ್ತಿತ್ತು. ಹಾಗಾಗಿ ದಾರಿಯನ್ನು ಕುಗ್ಗಿಸಿ, ಜಂಕ್ಷನ್ನಿಗೆ ಮಾತ್ರ ಹನ್ನೆರಡಡಿ ಕೊಟ್ಟಿದ್ದರು.

ಇನ್ನು ಅದರ ಗತಿ. ಮಾವನ ಮಗ ಬುದ್ಧಿವಂತ, ಸುಮ್ಮನೆ ಕೂತಿರಲಿಲ್ಲ. ಒಂದು ಕಡೆ ಕೇಳಿದ, ಫೋಟೋ ಕಳಿಸಿ ಎಂದರು, ಆಮೇಲೆ ಉತ್ತರವಿಲ್ಲ. ಬೆಂಗಳೂರಿನ ಹವ್ಯಾಸಿಯೊಬ್ಬರು ಮೂರು ಇಂಜಿನ್ನಿಗೆ ಒಳ್ಳೆಯ ಬೆಲೆ ಹೇಳಿದರು. ಹಲಗೆ, ಮರ, ಮನೆ ಬೇಡ ಎಂದರು. ಒಂದು ಖಾಸಗಿ ಕಾಲೇಜಿನವರು ಬಂದು ನೋಡಿ, ಜಂಕ್ಷನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರವೇಶದ್ವಾರದಲ್ಲಿ ಇಡುತ್ತೇವೆ, ಓಡಿಸುವುದಿಲ್ಲ ಎಂದರು. ಅತ್ತೆ ಒಪ್ಪಲಿಲ್ಲ. "ಓಡದಿದ್ದ ಮೇಲೆ ಅದು ರೈಲಾ? ಫೋಟೋ ಥರ ಅದಕ್ಕೂ ಹಾರ ಹಾಕಿಬಿಡಿ" ಅಂದರಂತೆ.

ಆಮೇಲೆ ನಾನೂ ಸ್ವಲ್ಪ ಓದಿಕೊಂಡೆ. ಮಾಡಿದವರು ಹೋದ ಮೇಲೆ ಇಂಥ ರೈಲ್ವೆಗಳು ಏನಾಗುತ್ತವೆ? ಅಮೆರಿಕದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬುವರು ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ್ದ ರೈಲ್ವೆ ಆ ಹವ್ಯಾಸದವರ ನಡುವೆ ಲೋಕಪ್ರಸಿದ್ಧ. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಹತ್ತೇ ದಿನದಲ್ಲಿ ಮನೆಗೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಇಂಗ್ಲೆಂಡಿನ ಜಾನ್ ಅಹರ್ನ್ 1961ರಲ್ಲಿ ತೀರಿಕೊಂಡರು. ಅವರ ಮ್ಯಾಡರ್ ವ್ಯಾಲಿ ರೈಲ್ವೆ ಪೆಂಡನ್ ಮ್ಯೂಸಿಯಂ ಸೇರಿ ಉಳಿಯಿತು. ನಮ್ಮ ಪುಣೆಯಲ್ಲಿ ಭಾವುಸಾಹೇಬ ಜೋಶಿಯವರು ಎಂಬತ್ತರ ದಶಕದಲ್ಲಿ ತಮ್ಮ ರೈಲ್ವೆಯನ್ನು ಪ್ರದರ್ಶನಕ್ಕೆ ಇಡುತ್ತಿದ್ದರು. ಪ್ರತಿ ಸಲವೂ ಬಿಚ್ಚುವುದು, ಜೋಡಿಸುವುದು ಸಾಕಾಗಿ ಶಾಶ್ವತ ಜಾಗ ಮಾಡಿದರು; 1998ರ ಏಪ್ರಿಲ್ ಒಂದರಿಂದ ಅದು ಜನರಿಗೆ ತೆರೆದ ಮ್ಯೂಸಿಯಂ. ಇದನ್ನೆಲ್ಲ ಓದಿ ನನಗೆ ಅನ್ನಿಸಿದ್ದಿಷ್ಟು: ಇಂಥದ್ದನ್ನು ಕಟ್ಟುವುದಕ್ಕೆ ಒಬ್ಬ ಸಾಕು, ಉಳಿಸುವುದಕ್ಕೆ ಅದನ್ನು ಬಿಚ್ಚಲು ಬಲ್ಲ ಇನ್ನೊಬ್ಬ ಬೇಕು.

ಬಿಚ್ಚುವ ವಿದ್ಯೆ ಇದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು, ಪೂರ್ತಿ ಕನ್ನಡದಲ್ಲಿ.

ನನಗೆ ಫೋನು ಬಂದದ್ದೇ ಇದಕ್ಕೆ. ಹಲಗೆಯ ಕೆಳಗೆ ಅರವತ್ತನಾಲ್ಕು ತಂತಿ, ಎಲ್ಲಕ್ಕೂ ಸಣ್ಣ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಕನ್ನಡದ ಅಂಕಿ. ಯಾವ ಅಂಕಿಯ ತಂತಿ ಯಾವ ಕವಲಿಗೆ, ಯಾವ ಸಿಗ್ನಲ್ಲಿಗೆ ಎಂಬುದು ಪುಸ್ತಕದಲ್ಲಿ. ಮಗ ಇಂಜಿನಿಯರು, ತಂತಿಯ ಲೆಕ್ಕ ಅವನಿಗೆ ಗೊತ್ತು, ಆದರೆ ೫ಕ್ಕೂ ೬ಕ್ಕೂ ವ್ಯತ್ಯಾಸ ತಿಳಿಯದು. "ಅಪ್ಪ ಮನೆ ಕೊಟ್ಟರು, ಇಂಜಿನ್ ಕೊಟ್ಟರು, ಇದನ್ನು ಮಾತ್ರ ಕೊಡಲಿಲ್ಲ ನೋಡು ಭಾವ" ಅಂದ. ತಮಾಷೆಗೇ ಅಂದದ್ದು. ನಾನು ಮೇ ರಜೆಯಲ್ಲಿ ಪೊಳ್ಳಾಚಿಗೆ ಹೋದೆ.

ಮೇ ತಿಂಗಳ ಹೆಂಚಿನ ಅಟ್ಟ ಅಂದರೆ ಒಲೆಯ ಮೇಲಿಟ್ಟ ಬಾಣಲೆ. ಬೆಳಗ್ಗೆ ಆರರಿಂದ ಒಂಬತ್ತೂವರೆ, ಸಂಜೆ ಐದರ ಮೇಲೆ, ಅಷ್ಟೇ ಕೆಲಸ. ಮಧ್ಯಾಹ್ನ ಕೆಳಗೆ ಕೂತು ನಾನು ಪುಸ್ತಕ ಗಟ್ಟಿಯಾಗಿ ಓದುವುದು, ಅವನು ತಮಿಳಿನಲ್ಲಿ ಬರೆದುಕೊಳ್ಳುವುದು. ಅತ್ತೆ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಪುಸ್ತಕದಲ್ಲಿ ತಂತಿಯ ಲೆಕ್ಕವಷ್ಟೇ ಇರಲಿಲ್ಲ. ತಾರೀಕು ಹಾಕಿ ಏನೇನೋ ಬರೆದಿದ್ದರು. "ಇಂದು ಮಳೆ, ಹೆಂಚು ಸೋರಿ ಗೂಡ್ಸ್ ಶೆಡ್ ನೆನೆಯಿತು." "ಇಲಿ ಕಿಣತ್ತುಕಡವಿನಲ್ಲಿ ಮರಿ ಹಾಕಿದೆ." "ಮೋಟರಿಗೆ ಕೊಟ್ಟ ದುಡ್ಡು ಇವಳಿಗೆ ಹೇಳಿಲ್ಲ." ಇದನ್ನು ಓದಿದಾಗ ನಾನು ಒಂದು ಕ್ಷಣ ನಿಲ್ಲಿಸಿದೆ. ಅತ್ತೆ ತಲೆ ಎತ್ತದೆ, "ನನಗೆ ಆವತ್ತೇ ಗೊತ್ತಿತ್ತು, ನೀನು ಮುಂದಕ್ಕೆ ಓದಪ್ಪ" ಅಂದರು.

ನಿಜವಾದ ತಕರಾರು ಇದ್ದದ್ದು ಗರಗಸದ ಬಗ್ಗೆ. ಏಣಿಯ ಬಾಯಿ ಎರಡೂವರೆ ಅಡಿ. ಮುಂಗೋಡೆಯ ಮೇಲ್ಭಾಗದ ಮರದ ಜಾಲರಿ ಬಿಚ್ಚಿದರೆ ಮೂರೂಕಾಲು ಅಡಿ ಅಗಲ, ನಾಲ್ಕಡಿ ಎತ್ತರದ ಕಿಂಡಿ ಸಿಗುತ್ತದೆ. ಇಪ್ಪತ್ನಾಲ್ಕು ಅಡಿಯ ರೈಲ್ವೆ ಅದರಲ್ಲಿ ಹೊರಗೆ ಬರಬೇಕಾದರೆ ಕೊಯ್ಯದೆ ವಿಧಿಯಿಲ್ಲ. ಅತ್ತೆ ಕೊಯ್ಯಲು ಬಿಡುವುದಿಲ್ಲ ಎಂದು ಕೂತರು. ಮನೆಯ ಜೊತೆಗೇ ಹೋಗಲಿ, ಆದರೆ ಅವರು ಮಾಡಿದ್ದಕ್ಕೆ ಗರಗಸ ಹಾಕಬೇಡಿ ಎಂದು. ಮಗಳು ಅವರ ಪರ, ಮಗ ನನ್ನ ಪರ. ಮನೆಯೊಳಗೆ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ: ಜೆಸಿಬಿಯ ಬಾಯಿಗೆ ಇಡಿಯಾಗಿ ಕೊಡುವುದಕ್ಕಿಂತ ನಾಲ್ಕು ತುಂಡಾಗಿ ಉಳಿಯುವುದು ಮೇಲು. ಆದರೆ ಗಂಡ ಸತ್ತು ಎರಡು ವರ್ಷವಾದ ಹೆಂಗಸಿನ ಮುಂದೆ ಕೂತು ಹೀಗೆ ವಾದ ಮಾಡುವುದು ಸುಲಭವಲ್ಲ.

ಮೂರನೆಯ ದಿನ 1996ರ ಪುಟಗಳಿಗೆ ಬಂದೆವು. ಪೋತನೂರಿನ ತೋಳು ಸೇರಿಸಿದ ವರ್ಷ ಅದು. ಅಲ್ಲಿ ಹೀಗಿತ್ತು: "ಹೊಳೆಯ ಕೆಳಗೆ ಮೂರು ಬೋಲ್ಟು. ಮೇಲೆ ನಾರಿನ ಪುಡಿ ಮುಚ್ಚಿದೆ. ಬೇಕಾದರೆ ಬಿಚ್ಚಬಹುದು." ಹಿಂದಕ್ಕೆ ತಿರುವಿದರೆ 1988ರ ಜಂಕ್ಷನ್ನೂ ಒಂದೇ ಹಲಗೆಯಲ್ಲ, ಆರಾರು ಅಡಿಯ ಎರಡು ಹಲಗೆ, ನಡುವೆ ನಾಲ್ಕು ಬೋಲ್ಟು. 2003ರಲ್ಲಿ ಸೇರಿಸಿದ ಉಡುಮಲೈಪೇಟೆ ತೋಳಿಗೂ ಹಾಗೇ. ವರ್ಕ್‌ಶಾಪಿನಲ್ಲಿ ದುಡಿದವರು, ಬಿಚ್ಚಲು ಬಾರದ್ದನ್ನು ಕಟ್ಟುವ ಅಭ್ಯಾಸವೇ ಅವರಿಗಿರಲಿಲ್ಲ. ಅತ್ತೆ ಆ ಸಾಲನ್ನು ಇನ್ನೊಂದು ಸಲ ಓದಿಸಿದರು. "ಬಿಚ್ಚಬಹುದು ಅಂತಲೇ ಬರೆದಿದ್ದಾರಾ?" "ಹೌದತ್ತೆ." ಆಮೇಲೆ ಎದ್ದು ಒಳಗೆ ಹೋಗಿ ಮಾವನ ಸ್ಪ್ಯಾನರುಗಳ ಚೀಲ ತಂದು ಇಟ್ಟರು.

ಹಲಗೆಗೆ ಗರಗಸ ಬೇಕಾಗಲಿಲ್ಲ. ಹಳಿಗೆ ಬೇಕಾಯಿತು. ಜಂಕ್ಷನ್ನಿನ ನಡು ಸಂದಿಯ ಮೇಲೆ ಐದು ದಾರಿ ಹಾಯುತ್ತವೆ, ಅಂದರೆ ಹತ್ತು ಕೊಯ್ತ. ಸುಮ್ಮನೆ ಕೊಯ್ದರೆ ಹಳಿಯ ತುದಿ ಮೇಲೆದ್ದು ಮತ್ತೆ ಕೂಡುವುದಿಲ್ಲ. ಸಂದಿಯ ಎರಡೂ ಪಕ್ಕ ಹಲಗೆಗೆ ಹಿತ್ತಾಳೆ ಸ್ಕ್ರೂ ಹಾಕಿ, ಹಳಿಯನ್ನು ಅದರ ತಲೆಗೆ ಬೆಸೆದು, ಆಮೇಲೆ ಕೂದಲಿನಷ್ಟು ತೆಳುವಾದ ಬ್ಲೇಡಿನಲ್ಲಿ ಕೊಯ್ಯಬೇಕು. ತಂತಿಗಳಿಗೂ ಅಷ್ಟೇ: ಕತ್ತರಿಸುವ ಮೊದಲು ಎರಡೂ ಬದಿಗೆ ಅಂಕಿ ಅಂಟಿಸಬೇಕು. ಮಗ ಬೆಸೆದ, ಅವನ ಹುಡುಗ ಅಂಕಿ ಅಂಟಿಸಿದ. ಆ ಹುಡುಗನಿಗೆ ಹನ್ನೊಂದು ವರ್ಷ. ನಾಲ್ಕು ದಿನದಲ್ಲಿ ಕನ್ನಡ ಅಂಕಿ ಒಂದರಿಂದ ಅರವತ್ತನಾಲ್ಕರವರೆಗೆ ಬಾಯಿಗೆ ಬಂತು. ಮೇಷ್ಟರಿಗೆ ಇದಕ್ಕಿಂತ ಸಂಬಳ ಬೇಡ.

ಎಲ್ಲವೂ ಉಳಿಯಲಿಲ್ಲ. ಉಡುಮಲೈಪೇಟೆ ತೋಳಿನ ಚೌಕಟ್ಟಿಗೆ ಗೆದ್ದಲು ಹಿಡಿದು ಒಳಗೆಲ್ಲ ಟೊಳ್ಳು. ಆನೆಮಲೆ ಗೋಣಿತಟ್ಟು, ಹಳೆ ಪತ್ರಿಕೆ, ಮೈದಾ ಅಂಟಿನದು, ಮುಟ್ಟಿದರೆ ಉದುರಿತು. ಹಳಿ, ಮರಗಳು, ಸಿಗ್ನಲ್ಲು ಬಿಚ್ಚಿಕೊಂಡು ಆ ತೋಳನ್ನು ಅಲ್ಲೇ ಬಿಟ್ಟೆವು. ಹಳೆಯ ಪೇಪರಿನ ತುಂಡುಗಳಲ್ಲಿ ಸುಮಾರು ಹೊತ್ತು ಸಿನಿಮಾ ಜಾಹೀರಾತು ಓದಿದ್ದೂ ಆಯಿತು. ಎರಡು ಡೀಸೆಲ್ ಇಂಜಿನ್ನಿನಲ್ಲಿ ಒಂದನ್ನು ಮಗ ಇಟ್ಟುಕೊಂಡ.

ಇನ್ನು ಮೂರು ಹಲಗೆ ಎಲ್ಲಿಗೆ? ಅತ್ತೆಯೇ ಕೇಳಿದರು, "ನಿನ್ನ ಶಾಲೆಯ ಹತ್ತಿರ ಜಾಗ ಇಲ್ಲವೇನಪ್ಪ?" ಎಂದು. ಶಾಲೆಯ ಎದುರಿಗೆ ಊರಿನವರದ್ದೇ ಒಂದು ಗಟ್ಟಿ ಛಾವಣಿಯ ಕೋಣೆ ಖಾಲಿ ಇತ್ತು, ಯಜಮಾನರು ಒಪ್ಪಿದರು. ತಾಳವಾಡಿಗೆ ರೈಲಿಲ್ಲ. ಚಾಮರಾಜನಗರದಲ್ಲೇ ಹಳಿ ಮುಗಿಯುತ್ತದೆ. ಅಲ್ಲಿಂದ ಸತ್ಯಮಂಗಲದ ಕಾಡು ದಾಟಿ ಕೊಯಮತ್ತೂರು ಸೀಮೆಗೆ ರೈಲು ತರುವ ಮಾತು ದಶಕಗಳಿಂದ ಇದೆ, ಆನೆ ಹುಲಿಗಳ ಕಾಡೆಂಬ ಕಾರಣಕ್ಕೆ ನಿಂತಿದೆ. ನಿಂತಿರುವುದೇ ಸರಿ ಎನ್ನುವವನು ನಾನು. ಊರಿನಲ್ಲಿ ಈ ಮಾತಿಗೆ ಬೈಸಿಕೊಂಡಿದ್ದೇನೆ.

ತೆಂಗಿನಕಾಯಿ ಕೀಳುವ ಇಬ್ಬರು ಬಂದು ಹಗ್ಗ ಕಟ್ಟಿ ಹಲಗೆಗಳನ್ನು ಕಿಂಡಿಯಿಂದ ಇಳಿಸಿದರು. ಮರದ ತುದಿಯಿಂದ ಗೊನೆ ಇಳಿಸುವವರಿಗೆ ಇದು ಎಷ್ಟರ ಕೆಲಸ! ಟಾಟಾ ಏಸ್ ಗಾಡಿ, ಅಂದರೆ ಆ ಕಡೆಯವರ 'ಕುಟ್ಟಿ ಯಾನೆ', ಅದರಲ್ಲಿ ಹಲಗೆಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ಹಾಸಿಗೆ ತುರುಕಿ, ಬೆಳಗಿನ ಜಾವ ಹೊರಟೆವು. ಕೊಯಮತ್ತೂರು, ಸತ್ಯಮಂಗಲ, ಬಣ್ಣಾರಿ, ಆಮೇಲೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು. 2022ರಿಂದ ಆ ಘಾಟಿಯಲ್ಲಿ ರಾತ್ರಿ ಸರಕು ಗಾಡಿ ಬಿಡುವುದಿಲ್ಲ, ಹಗಲಲ್ಲೇ ಹತ್ತಬೇಕು. ಚೆಕ್‌ಪೋಸ್ಟಿನಲ್ಲಿ ಇಣುಕಿ ನೋಡಿದವರು "ಏನಿದು?" ಅಂದರು. ಡ್ರೈವರು "ಪೊಳ್ಳಾಚಿ ಜಂಕ್ಷನ್" ಅಂದ. ನಕ್ಕು ಬಿಟ್ಟರು.

ಈಗ ಲಾಳ ಹೋಗಿ ಮೂಲೆಮಟ್ಟದ ಆಕಾರವಾಗಿದೆ. ಹತ್ತು ಕೊಯ್ತದಲ್ಲಿ ಒಂಬತ್ತು ಸರಿಯಾಗಿ ಕೂಡಿದವು, ಒಂದರ ಮೇಲೆ ಗೂಡ್ಸ್ ಬೋಗಿ ಇನ್ನೂ ಹಳಿ ತಪ್ಪುತ್ತದೆ. ಶನಿವಾರ ಮಧ್ಯಾಹ್ನ ಕರೆಂಟು ಇದ್ದರೆ ಓಡಿಸುತ್ತೇವೆ. ಸ್ಟೇಷನ್ ಮಾಸ್ತರು ಇಬ್ಬರು, ಡ್ರೈವರು ಒಬ್ಬಳು. ಟೋಕನ್ ಕೊಡದೆ ಇಂಜಿನ್ ಹೊರಡುವಂತಿಲ್ಲ, ಬಳೆಯ ಬದಲು ರಬ್ಬರ್ ಬ್ಯಾಂಡು. "ಸಾ, ನಮ್ಮೂರ್ಗೆ ಯಾವಾಗ ರೈಲು ಬತ್ತುದ?" ಎಂದು ಪ್ರತಿ ಹೊಸ ಹುಡುಗನೂ ಕೇಳುತ್ತಾನೆ. ಅತ್ತೆ ಒಂದು ಸಲ ಬಂದು ನೋಡಿದರು. ಆನೆಮಲೆ ಇಲ್ಲದೆ ಬೋಳು ಬೋಳು ಕಾಣುತ್ತದೆ ಅಂದರು. ಅದು ನಿಜ.

ಕೆಂಪು ರಟ್ಟಿನ ಪುಸ್ತಕಕ್ಕೆ ಹುಳು ಬಿದ್ದಿದೆ. ಏಳನೆಯ ತರಗತಿಯ ಇಬ್ಬರು ಹುಡುಗಿಯರು ಹೊಸ ಪುಸ್ತಕಕ್ಕೆ ನಕಲು ಮಾಡುತ್ತಿದ್ದಾರೆ, ನಲವತ್ತನೇ ಪುಟದವರೆಗೆ ಬಂದಿದ್ದಾರೆ. ಮಾವ ಸಿಗ್ನಲ್ಲಿಗೆ ಎಲ್ಲ ಕಡೆಯೂ 'ಕೈಕಾಟಿ' ಎಂದು ಬರೆದಿದ್ದಾರೆ. ತಮಿಳಿನ ಮಾತು, ಕನ್ನಡದ ಅಕ್ಷರ. ಅದನ್ನು ತಿದ್ದಿ 'ಕೈಮರ' ಎಂದು ಬರೆಯಲೇ ಎಂದು ಒಬ್ಬಳು ಕೇಳಿದಳು. ಇದ್ದ ಹಾಗೇ ಬರಿ ಅಂದೆ.